ಸಿಗದ ಪುಟದ ಜಾಗದಲ್ಲಿ ಕನ್ನಡದ ಪುಟ

ಪ್ರಶ್ನೆ: ಮಾನ್ಯರೇ, ಬೆಟಗೇರಿಯ ಕೈಮಗ್ಗದ ಸೀರೆ ಮಾರುವ ನಮ್ಮ ಅಂಗಡಿಗೆ ಚಿಕ್ಕದೊಂದು ಜಾಲತಾಣವಿದೆ. ಗದಗಿನಲ್ಲಿ ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚಿದ ಕ್ಯಾಲೆಂಡರಿನ ಮೇಲೆ ಸೀರೆಗಳ ಪುಟದ ಕ್ಯೂಆರ್ ಕೋಡ್ ಕೊಟ್ಟಿದ್ದೆವು. ತಾಣವನ್ನು ಹೊಸದಾಗಿ ಮಾಡಿಸಿದಾಗ ಆ ಪುಟದ ವಿಳಾಸ ಬದಲಾಯಿತು. ಈಗ ಕೋಡ್ ಸ್ಕ್ಯಾನ್ ಮಾಡಿದವರಿಗೆ ‘ನಾಟ್ ಫೌಂಡ್’ ಎಂಬ ಬಿಳಿ ಪುಟ ಕಾಣುತ್ತದೆ. ಅಂಗಡಿ ಮುಚ್ಚಿದಿರೇನು ಎಂದು ಇಬ್ಬರು ಫೋನ್ ಮಾಡಿ ಕೇಳಿದರು. ಕನ್ನಡದ ಪುಟ ತೋರಿಸೋಣವೆಂದು, ಸರ್ವರಿಗೆ ಸೂಚನೆ ಕೊಡುವ ಡಾಟ್ ಎಚ್‌ಟಿಆಕ್ಸೆಸ್ ಕಡತದಲ್ಲಿ ಒಂದು ಸಾಲು ಬರೆದು ಏರಿಸಿದರೆ, ಇಡೀ ತಾಣವೇ 500 ಎಂಬ ಸರ್ವರ್ ದೋಷ ತೋರಿಸಿತು. ಹೋಸ್ಟಿಂಗ್ ಕಂಪನಿಯವರು ‘ನಿಮ್ಮ ಪ್ಲಾನಿನಲ್ಲಿ ಅವಕಾಶವಿಲ್ಲ’ ಎನ್ನುತ್ತಾರೆ. ದಾರಿ ಯಾವುದು?
— ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಮೊದಲು ಕ್ಯಾಲೆಂಡರಿನ ತೊಂದರೆಯನ್ನು ಇವತ್ತೇ ನೀಗಿಸಿಕೊಳ್ಳಿ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಕೋಡಿನಲ್ಲಿರುವ ಹಳೆಯ ವಿಳಾಸ ಯಾವ ಹೆಸರಿನದೋ ಅದೇ ಹೆಸರಿನ ಒಂದು ಸಣ್ಣ ಎಚ್‌ಟಿಎಂಎಲ್ ಕಡತವನ್ನು ಅದೇ ಜಾಗದಲ್ಲಿ ಇಡಿ. ಅದರ ತಲೆಭಾಗದಲ್ಲಿ (ಹೆಡ್) ಮೆಟಾ ರಿಫ್ರೆಶ್ ಸಾಲು ಬರೆದು, ಕಾಲಾವಧಿ ಸೊನ್ನೆ ಎಂದು ಕೊಟ್ಟು, ಹೊಸ ವಿಳಾಸ ಸೇರಿಸಿದರೆ ಬ್ರೌಸರ್ ತಾನಾಗಿಯೇ ಹೊಸ ಪುಟಕ್ಕೆ ಹೋಗುತ್ತದೆ. ಮೈಭಾಗದಲ್ಲಿ ‘ಸೀರೆಗಳ ಪುಟ ಇಲ್ಲಿದೆ’ ಎಂಬ ಕೊಂಡಿಯನ್ನೂ ಹಾಕಿ. ಅಕ್ಷರದ ಗಾತ್ರವನ್ನು ಸೂಕ್ಷ್ಮವಾಗಿ ನೋಡಿಕೊಳ್ಳಿ: ಲಿನಕ್ಸ್ ಸರ್ವರಿನಲ್ಲಿ ಇಂಗ್ಲಿಷಿನ ದೊಡ್ಡ ‘ಎಸ್’ನಿಂದ ಶುರುವಾಗುವ ಕಡತವೇ ಬೇರೆ, ಸಣ್ಣ ‘ಎಸ್’ನದೇ ಬೇರೆ. ಅಚ್ಚಾದ ಕಾಗದವನ್ನು ತಿದ್ದಲಾಗದು, ಆದ್ದರಿಂದ ಆ ಒಂದು ವಿಳಾಸವನ್ನು ಮುಂದೆಂದೂ ಅಳಿಸಬೇಡಿ.

ಇನ್ನು ನಿಮಗೆ ಬಂದ 500ರ ವಿಚಾರ. ಪುಟಗಳನ್ನು ಕಳಿಸಿಕೊಡುವ ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ ಗ್ರಾಹಕರ ಡಾಟ್ ಎಚ್‌ಟಿಆಕ್ಸೆಸ್ ಕಡತಕ್ಕೆ ಎಷ್ಟು ಸ್ವಾತಂತ್ರ್ಯವಿರಬೇಕೆಂಬುದನ್ನು ‘ಅಲೌ ಓವರ್‌ರೈಡ್’ ಎಂಬ ಆದೇಶದ ಮೂಲಕ ಕಂಪನಿಯವರೇ ನಿರ್ಧರಿಸಿರುತ್ತಾರೆ. ಏನೂ ಬೇಡವೆಂದು ಇಟ್ಟಿದ್ದರೆ ಸರ್ವರ್ ಆ ಕಡತವನ್ನು ಓದುವುದೇ ಇಲ್ಲ, ತಾಣ ಎಂದಿನಂತೆ ನಡೆಯುತ್ತದೆ. ನಿಮ್ಮಲ್ಲಿ 500 ಬಂದಿದೆಯೆಂದರೆ ಕಡತವನ್ನು ಓದಲಾಗಿದೆ. ಒಂದೋ ಸಾಲಿನಲ್ಲಿ ಕಾಗುಣಿತದ ತಪ್ಪಿದೆ, ಇಲ್ಲವೇ ದೋಷ ಬಂದಾಗ ಯಾವ ಪುಟ ತೋರಿಸಬೇಕೆಂದು ಹೇಳುವ ‘ಎರರ್ ಡಾಕ್ಯುಮೆಂಟ್’ ಎಂಬ ಆದೇಶಕ್ಕೆ ಬೇಕಾದ ‘ಫೈಲ್ ಇನ್ಫೊ’ ವರ್ಗದ ಅನುಮತಿ ಇಲ್ಲ. ಇದನ್ನು ಪರೀಕ್ಷಿಸಲು ತಾಣದ ಮೂಲ ಫೋಲ್ಡರಿಗೆ ಕೈ ಹಾಕಬೇಡಿ. ‘ಟೆಸ್ಟ್’ ಎಂಬ ಖಾಲಿ ಫೋಲ್ಡರ್ ಮಾಡಿ, ಕಡತವನ್ನು ಅದರೊಳಗಿಡಿ. ಕೆಟ್ಟರೆ ಆ ಫೋಲ್ಡರ್ ಮಾತ್ರ ಕೆಡುತ್ತದೆ, ಗಿರಾಕಿಗಳಿಗೆ ಏನೂ ತಿಳಿಯುವುದಿಲ್ಲ. ಬರೆಯಬೇಕಾದದ್ದು ಒಂದೇ ಸಾಲು: ಎರರ್ ಡಾಕ್ಯುಮೆಂಟ್ ಎಂಬ ಎರಡು ಪದಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿ, ಜಾಗ ಬಿಟ್ಟು 404 (‘ಪುಟ ಸಿಗಲಿಲ್ಲ’ ಎಂಬುದರ ಸಂಕೇತ) ಎಂದು, ಮತ್ತೆ ಜಾಗ ಬಿಟ್ಟು, ಓರೆಗೆರೆಯಿಂದ ಆರಂಭವಾಗುವ ನಿಮ್ಮ ಪುಟದ ಹೆಸರು. ಸಾಲು ಸರಿಯಿದ್ದೂ 500 ಬಂದರೆ, ‘ಎರರ್ ಡಾಕ್ಯುಮೆಂಟ್ ಬಳಸಲು ಫೈಲ್ ಇನ್ಫೊ ಅನುಮತಿ ಕೊಡಿ’ ಎಂದು ಕಂಪನಿಗೆ ನಿಖರವಾಗಿ ಬರೆಯಿರಿ. ‘ನಮ್ಮ ಪುಟ ಬರುತ್ತಿಲ್ಲ’ ಎಂಬ ದೂರಿಗಿಂತ ಇಂಥ ಕೋರಿಕೆಗೆ ಖಚಿತವಾದ ಉತ್ತರ ಸಿಗುವ ಸಂಭವ ಹೆಚ್ಚು.

ಅವರು ಒಪ್ಪದಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ನಿಮ್ಮದು ಸಿಪ್ಯಾನೆಲ್ (ತಾಣವನ್ನು ನಿರ್ವಹಿಸುವ ನಿಯಂತ್ರಣ ಫಲಕ) ಇರುವ ಹೋಸ್ಟಿಂಗ್ ಆಗಿದ್ದರೆ ‘ಎರರ್ ಪೇಜಸ್’ ಎಂಬ ವಿಭಾಗವನ್ನು ಹುಡುಕಿ. ಅದು ‘ಪಬ್ಲಿಕ್ ಎಚ್‌ಟಿಎಂಎಲ್’ ಫೋಲ್ಡರಿನಲ್ಲಿ 404.ಎಸ್‌ಎಚ್‌ಟಿಎಂಎಲ್ ಎಂಬ ಕಡತವನ್ನು ಸೃಷ್ಟಿಸುತ್ತದೆ. ಆ ವಿಭಾಗ ಕಾಣದಿದ್ದರೂ ಅದೇ ಹೆಸರಿನ ಕಡತವನ್ನು ನೀವೇ ಏರಿಸಿ ನೋಡಿ. ಅದೂ ಆಗದಿದ್ದರೆ, ನಿಮ್ಮದು ಡೇಟಾಬೇಸ್ ಇಲ್ಲದ ಸಾದಾ ಪುಟಗಳ ತಾಣವಾಗಿದ್ದ ಪಕ್ಷದಲ್ಲಿ, ಸಾದಾ ಪುಟಗಳನ್ನು ಇಟ್ಟುಕೊಡುವ ಗಿಟ್‌ಹಬ್ ಪೇಜಸ್‌ನಂಥ ಸೇವೆಗೆ ಸ್ಥಳಾಂತರಿಸಬಹುದು. ಅಲ್ಲಿ ಮೂಲ ಫೋಲ್ಡರಿನಲ್ಲಿ 404.ಎಚ್‌ಟಿಎಂಎಲ್ ಇದ್ದರೆ ಸಾಕು, ನಿಮ್ಮ ಸ್ವಂತ ಡೊಮೈನ್ ಹೆಸರನ್ನೂ ಉಳಿಸಿಕೊಳ್ಳಬಹುದು.

ಒಂದು ತಪ್ಪನ್ನು ಮಾತ್ರ ಮಾಡಬೇಡಿರೆಂದು ಒತ್ತಿ ಹೇಳುತ್ತೇನೆ. ಎರರ್ ಡಾಕ್ಯುಮೆಂಟ್ ಸಾಲಿನಲ್ಲಿ ಎಚ್‌ಟಿಟಿಪಿಯಿಂದ ಶುರುವಾಗುವ ಪೂರ್ಣ ವಿಳಾಸ ಕೊಟ್ಟರೆ ಸರ್ವರ್ 404 ಎನ್ನುವ ಬದಲು 302 ಎಂದು ಹೇಳಿ ಬೇರೆಡೆಗೆ ಕಳಿಸಿಬಿಡುತ್ತದೆ. ಓದುವವರಿಗೆ ಪುಟ ಚೆನ್ನಾಗಿಯೇ ಕಾಣುತ್ತದೆ, ಆದರೆ ಆ ಪುಟ ಇಲ್ಲವೆಂಬ ಸಂಗತಿ ಗೂಗಲ್‌ಗೆ ನೇರವಾಗಿ ತಿಳಿಯುವುದಿಲ್ಲ.

ನಿಮ್ಮ 404 ಪುಟದಲ್ಲಿ ‘ನೀವು ಹುಡುಕಿದ ಪುಟ ಈ ವಿಳಾಸದಲ್ಲಿಲ್ಲ, ಅಂಗಡಿ ಎಂದಿನಂತೆ ತೆರೆದಿದೆ’ ಎಂದು ಬರೆದು, ಫೋನ್ ನಂಬರ್ ಮತ್ತು ಸೀರೆಗಳ ಕೊಂಡಿ ಕೊಡಿ. ಇದನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪುಟದ ಅಕ್ಷರ ಸಂಕೇತ ಯುಟಿಎಫ್-8 ಎಂದು ತಲೆಭಾಗದಲ್ಲಿ ಘೋಷಿಸಿ. ಪ್ರೆಸ್ಸಿಗೆ ಕೊಟ್ಟ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳನ್ನೇ ನಕಲು ಮಾಡಿದರೆ ಗಿರಾಕಿಯ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ.

ಪ್ರಶ್ನೆ: ನಮ್ಮ ತಾಣದಲ್ಲಿ 404 ಪುಟ ಬರುತ್ತದೆ, ಆದರೆ ಕೆಲವೊಮ್ಮೆ ಚಿತ್ರ, ಬಣ್ಣ ಯಾವುದೂ ಇರುವುದಿಲ್ಲ. ಕಾರಣವೇನು?
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಚಿತ್ರದ ವಿಳಾಸವನ್ನು ನೀವು ಬರಿಯ ಹೆಸರಿನಿಂದ ಕೊಟ್ಟಿರಬೇಕು. ಗಿರಾಕಿ ತಪ್ಪಾಗಿ ಕೇಳಿದ ವಿಳಾಸ ಎರಡು ಫೋಲ್ಡರುಗಳ ಒಳಗಿನದಾಗಿದ್ದರೆ, ಬ್ರೌಸರ್ ನಿಮ್ಮ ಚಿತ್ರವನ್ನೂ ಆ ಇಲ್ಲದ ಫೋಲ್ಡರಿನಲ್ಲೇ ಹುಡುಕುತ್ತದೆ. ಚಿತ್ರ, ಸಿಎಸ್‌ಎಸ್ (ಬಣ್ಣ, ವಿನ್ಯಾಸದ ಕಡತ), ಕೊಂಡಿ ಎಲ್ಲವನ್ನೂ ಓರೆಗೆರೆಯಿಂದ ಆರಂಭಿಸಿ ಬರೆಯಿರಿ. ಆಮೇಲೆ ಬೇಕೆಂದೇ ಉದ್ದದ ತಪ್ಪು ವಿಳಾಸವೊಂದನ್ನು ಹೊಡೆದು, ಬ್ರೌಸರಿನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಪುಟದ ಮುಂದೆ 404, ಚಿತ್ರದ ಮುಂದೆ 200 (ಸಿಕ್ಕಿತು ಎಂಬ ಸಂಕೇತ) ಇದೆಯೇ ಎಂದು ನೋಡಿ.