"ಅರ್ಥವಾಗುತ್ತದೆ, ಆದರೆ ಮಾತನಾಡಲಾರೆ"

ಉತ್ತರ ಲಂಡನ್‌ನ ಗ್ರೀನ್ ಲೇನ್ಸ್‌ನಲ್ಲಿ ತುರ್ಕಿ ಭಾಷೆಯಲ್ಲೇ ತರಕಾರಿ ಕೊಳ್ಳಬಹುದು, ಕ್ಷೌರ ಮಾಡಿಸಿಕೊಳ್ಳಬಹುದು. ಇಂಗ್ಲಿಷ್ ಮಾತನಾಡಲು ಕಲಿಯಬೇಕೆಂದು ನನ್ನ ಬಳಿಗೆ ಬಂದ, ತುರ್ಕಿ ದೇಶದ ಇಜ್ಮೀರ್ ಕಡೆಯ ಈ ಮಹಿಳೆ ಅಲ್ಲೇ ಆರು ವರ್ಷ ಕಳೆದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೊದಲ ಭೇಟಿಗೆ ಹತ್ತು ವರ್ಷದ ಮಗನನ್ನು ದುಭಾಷಿಯಾಗಿ ಕರೆತಂದಿದ್ದರು.

"ಅನ್ಲಿಯೊರುಮ್ ಆಮಾ ಕೊನುಶಾಮಿಯೊರುಮ್" ಎಂದರು. ಅರ್ಥವಾಗುತ್ತದೆ, ಆದರೆ ಮಾತನಾಡಲಾರೆ. ಇಂಗ್ಲಿಷ್ ಕಲಿಯುವ ತುರ್ಕಿ ಜನರಿಂದ ನಾನು ಮತ್ತೆ ಮತ್ತೆ ಕೇಳಿರುವ ಮಾತು ಇದು. ಶಾಲೆಯಲ್ಲಿ ಬಿಟ್ಟ ಸ್ಥಳ ತುಂಬಿ ತುಂಬಿ ಅವರ ವ್ಯಾಕರಣ ಗಟ್ಟಿಯಾಗಿತ್ತು. ಎರಡನೇ ಭೇಟಿಯಿಂದ ಮಗನನ್ನು ಹೊರಗೆ ಕೂರಿಸಿದೆ. ನನ್ನ ತುರ್ಕಿ ಅಲ್ಪ. ಅವರ ನಿಧಾನದ ಇಂಗ್ಲಿಷಿನಲ್ಲೇ ಮಾತು ಸಾಗಿತು.

ಮೌನದ ಬೇರು ಮೂರನೇ ಭೇಟಿಯಲ್ಲಿ ಸಿಕ್ಕಿತು. ಒಂದು ಚಿಕಿತ್ಸಾಲಯದ ಕೌಂಟರಿನಲ್ಲಿ ಮಗನ ಜ್ವರದ ಬಗ್ಗೆ ಹೇಳುವಾಗ 'ಹೀ' ಬದಲು 'ಷೀ' ಅಂದಿದ್ದರು. ಅಲ್ಲಿದ್ದವರು ನಕ್ಕರು. ತುರ್ಕಿಯಲ್ಲಿ ಅವನು, ಅವಳು, ಅದು ಮೂರಕ್ಕೂ 'ಓ' ಎಂಬ ಒಂದೇ ಪದವಿದೆ. ಜ್ವರದ ಮಗುವಿನ ಮುಂದೆ ತಾಯಿಯನ್ನು ನೋಡಿ ನಕ್ಕದ್ದು ನನಗೆ ಇಂದಿಗೂ ಸಹಿಸಲಾಗದ ಸಂಗತಿ.

ಅವರು ಮಾತಿಗೆ ತಡಮಾಡಲು ಇನ್ನೊಂದು ಕಾರಣವಿತ್ತು. ಕನ್ನಡದಂತೆ ತುರ್ಕಿಯಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಅವರು ಇಡೀ ವಾಕ್ಯವನ್ನು ತಲೆಯೊಳಗೆ ಕಟ್ಟಿ, ತಿರುಗಿಸಿ ಜೋಡಿಸುವಷ್ಟರಲ್ಲಿ ಎದುರಿನವರ ಮಾತು ಮುಂದೆ ಹೋಗಿರುತ್ತಿತ್ತು. ಅದಕ್ಕೆ ನಾನು ಕೊಟ್ಟ ಅಭ್ಯಾಸ ಚಿಕ್ಕದು: "ಐ ನೀಡ್" ಎಂದು ಬಾಯಿಬಿಟ್ಟು ಹೇಳಿಬಿಡಿ, ಏನು ಬೇಕೆಂಬುದನ್ನು ಆಮೇಲೆ ಹುಡುಕಿ. ನಡುವೆ ತಡವರಿಸಿದರೆ ತಮ್ಮ 'ಶೇಯ್' ಎಂಬ ಪದವನ್ನೇ ಬಳಸಲಿ ಎಂದೆ. ನಾವು "ಅದೇ... ಅದು..." ಎನ್ನುತ್ತೇವಲ್ಲ, ಹಾಗೆ.

ಉಚ್ಚಾರಣೆಯಲ್ಲಿ ಎಲ್ಲವನ್ನೂ ತಿದ್ದಲು ನಾನು ಹೋಗಲಿಲ್ಲ. 'ಥ್ಯಾಂಕ್ಸ್' ಎಂಬುದು 'ಟ್ಯಾಂಕ್ಸ್' ಆದರೂ ಕೇಳುವವರಿಗೆ ತಿಳಿಯುತ್ತದೆ. ಆರಿಸಿಕೊಂಡದ್ದು ಒಂದನ್ನು. 1928ರಲ್ಲಿ ರೂಪುಗೊಂಡ ತುರ್ಕಿ ವರ್ಣಮಾಲೆಯ 29 ಅಕ್ಷರಗಳಲ್ಲಿ ಡಬ್ಲ್ಯೂ ಇಲ್ಲ. 'ವಿ' ಇರುವ ಬನಿಯನ್ನಿನ ವೆಸ್ಟ್, 'ಡಬ್ಲ್ಯೂ' ಇರುವ ಪಶ್ಚಿಮದ ವೆಸ್ಟ್ ಅವರಿಗೆ ಒಂದೇ. ನಮ್ಮ 'ವ' ಕೂಡ ಇವೆರಡನ್ನು ಬೇರ್ಪಡಿಸುವುದಿಲ್ಲ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು. ದಿನಕ್ಕೆ ಐದು ನಿಮಿಷ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು.

ಆದರೆ ಅವರನ್ನು ಹೆಚ್ಚು ನೋಯಿಸಿದ್ದು ಬೇರೆಯೇ. ದುಡಿಯುತ್ತಿರುವವರನ್ನು ಕಂಡರೆ ತುರ್ಕಿ ಜನ "ಕೊಲಾಯ್ ಗೆಲ್ಸಿನ್" ಎನ್ನುತ್ತಾರೆ, ಕೆಲಸ ಸಲೀಸಾಗಲಿ ಎಂದು. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಮಾತಿಲ್ಲ. ಮೆಟ್ಟಿಲು ಗುಡಿಸುವವರ ಪಕ್ಕದಲ್ಲಿ ಸುಮ್ಮನೆ ಹಾದುಹೋಗುವಾಗ ತಾನು ಒರಟು ಹೆಂಗಸಾದೆ ಅನ್ನಿಸುತ್ತದೆ ಎಂದು ಕಣ್ಣೀರಿಟ್ಟರು. ತುರ್ಕಿಯಲ್ಲೇ ಹೇಳಿ, ಅರ್ಥ ಕೇಳಿದರೆ ಇಂಗ್ಲಿಷಿನಲ್ಲಿ ವಿವರಿಸಿ ಎಂದೆ. ಗುಡಿಸುವವರು ಅರ್ಥ ಕೇಳಿದರಂತೆ. ಆ ದಿನ ಮೆಟ್ಟಿಲ ಮೇಲೆ ಹತ್ತು ನಿಮಿಷ ಮಾತು ನಡೆಯಿತಂತೆ.

ಮಗನಿಗೂ ಒಂದು ಮಾತು ಹೇಳಿದ್ದೆ: ಅಮ್ಮನ ಬದಲು ಫೋನಿನಲ್ಲಿ ನೀನು ಮಾತನಾಡಬೇಡ. ಎಂಟನೇ ವಾರ ಅವರೇ ವೈದ್ಯರ ಭೇಟಿಗೆ ಸಮಯ ಕೇಳಿ ಕರೆ ಮಾಡಿದರು. ಮತ್ತೆ 'ಷೀ' ಬಂತು. "ಸಾರಿ, ಹೀ" ಎಂದು ತಿದ್ದಿಕೊಂಡು ಮುಂದುವರಿಸಿದರು. ಮುಂದಿನ ತಿಂಗಳು ಮಗನ ಶಾಲೆಯ ಶಿಕ್ಷಕರನ್ನು ಒಬ್ಬರೇ ಭೇಟಿಯಾಗಬೇಕಿದೆ. ಅದಕ್ಕೆ ಈಗ ಸಿದ್ಧತೆ ನಡೆಸಿದ್ದೇವೆ.