ಸೈಡ್ ಪ್ರಾಜೆಕ್ಟ್‌ನಲ್ಲಿ ಹಳೆಯ ಹಾರ್ಡ್ ರಾಕ್ ಎಷ್ಟು, ಹೊಸದು ಎಷ್ಟು?

ಇಪ್ಪತ್ತು ವರ್ಷ ಒಂದೇ ಬ್ಯಾಂಡ್‌ನಲ್ಲಿ ನುಡಿಸಿದ ಮೇಲೆ ಈಗ ನಿಮ್ಮದೇ ಒಂದು ಸೈಡ್ ಪ್ರಾಜೆಕ್ಟ್. ಅದರಲ್ಲಿ ಹಳೆಯ ಹಾರ್ಡ್ ರಾಕ್ ಎಷ್ಟು, ಹೊಸದು ಎಷ್ಟು, ಹಳೆಯ ಬ್ಯಾಂಡಿಗೆ ಯಾವಾಗ ಹೇಳಬೇಕು ಅಂತ ಕೇಳಿದ್ದೀರಿ. ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಇದೇ ಲೆಕ್ಕ ಹಾಕುತ್ತಾ ನಾನು ಒಂದು ಇಡೀ ಆಲ್ಬಮ್ ಕಳೆದುಕೊಂಡೆ.

ನಾನು ಗಿಟಾರ್ ನುಡಿಸುವವನು. ಹತ್ತು ಹಾಡು ಬರೆದಿಟ್ಟಿದ್ದೆ, ಎಲ್ಲವೂ ಮಾಮೂಲಿ ಟ್ಯೂನಿಂಗ್‌ನಲ್ಲಿ, ಹೆಚ್ಚಿನವು ಇ ಕೀನಲ್ಲಿ, ಅಂದರೆ ಇ ಸ್ವರವೇ ಆಧಾರ. ಸಿಕ್ಕಿದ ಗಾಯಕನಿಗೆ ನನ್ನ ಅರ್ಧ ವಯಸ್ಸು. ಮೊದಲ ಪ್ರಾಕ್ಟೀಸ್‌ನಲ್ಲಿ ಅವನು ಕೋರಸ್ ಎತ್ತಿ ಹಾಡಿದಾಗ ಡ್ರಮ್ಮರ್ ನುಡಿಸುವುದನ್ನೇ ನಿಲ್ಲಿಸಿ ನನ್ನ ಮುಖ ನೋಡಿದ. ನಾವು ಹುಡುಕುತ್ತಿದ್ದದ್ದು ಆಗಲೇ ಸಿಕ್ಕಿತ್ತು. ನನಗೆ ಗೊತ್ತಾಗಲಿಲ್ಲ.

ನನಗಿದ್ದದ್ದು ಒಂದೇ ಭಯ: ಹಳೇ ಕಾಲದವರ ಹಾಗೆ ಕೇಳಿಸಿಬಿಟ್ಟರೆ? ಹೊಸ ಹಾರ್ಡ್ ರಾಕ್ ಅಂದರೆ ಇಳಿಸಿದ ತಂತಿ, ಅಂದರೆ ಸಡಿಲಿಸಿ ಸ್ವರ ತಗ್ಗಿಸಿದ ತಂತಿ ಅಂತ ನಂಬಿದ್ದೆ. ರೆಕಾರ್ಡಿಂಗ್‌ಗೆ ಎರಡು ವಾರ ಇರುವಾಗ ಎಲ್ಲವನ್ನೂ, ಅತಿ ದಪ್ಪ ತಂತಿ ಸಿ ಸ್ವರಕ್ಕೆ ಇಳಿಯುವ ಡ್ರಾಪ್ ಸಿ ಟ್ಯೂನಿಂಗ್‌ಗೆ ಇಳಿಸಿದೆ. ದಪ್ಪ ತಂತಿ ಹಾಕಿಸಿದೆ, ಗಿಟಾರ್ ಸೆಟಪ್ ಮಾಡಿಸಿದೆ. ರಿಫ್‌ಗಳು (ಹಾಡಿನುದ್ದಕ್ಕೂ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಗೋಡೆಯ ಹಾಗೆ ನಿಂತವು, ಖುಷಿಯಾಯಿತು.

ಆದರೆ ಲೆಕ್ಕ ನೋಡಿ. ಬೆರಳಿಡದೆ ನುಡಿಸುವ ದಪ್ಪ ತಂತಿಯ ಮೇಲೆ ಕೂತಿದ್ದ ರಿಫ್ ಇ ಯಿಂದ ಸಿ ಗೆ ಬಂತು. ಅಂದರೆ ನಾಲ್ಕು ಸೆಮಿಟೋನ್ (ಅರ್ಧಸ್ವರ) ಕೆಳಗೆ. ರಿಫ್ ಜೊತೆ ಹಾಡೂ ಇಳಿಯಿತು, ಹಾಡಿನ ಜೊತೆ ಅವನ ದನಿಯೂ ಇಳಿಯಿತು. ಗಂಟಲು ಬಿಗಿಹಿಡಿದು ಮುಟ್ಟುತ್ತಿದ್ದ ಸ್ವರವನ್ನು ಈಗ ಆರಾಮಾಗಿ ಹಾಡುತ್ತಿದ್ದ. ಆ ಬಿಗಿತವೇ ಕೋರಸ್‌ನ ಜೀವ ಆಗಿತ್ತು, ಅದೇ ಹೋಯಿತು. ಚರಣದ ಸಾಲುಗಳು ಅವನಿಗೆ ಬರೀ ಉಸಿರಿರುವ ಜಾಗಕ್ಕೆ ಬಿದ್ದು ಗಿಟಾರ್ ಅಡಿಯಲ್ಲಿ ಮುಚ್ಚಿಹೋದವು. ಮಿಕ್ಸಿಂಗ್‌ನಲ್ಲಿ ದನಿಯ ವಾಲ್ಯೂಮ್ ಎಷ್ಟು ಏರಿಸಿದರೂ ಅದು ಜೋರಾಯಿತೇ ಹೊರತು ಮೇಲೇಳಲಿಲ್ಲ. ಅಷ್ಟರಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಮುಗಿದಿತ್ತು. ಕೀ ಬದಲಿಸಬೇಕಾದರೆ ಬೇಸ್, ಗಿಟಾರ್, ದನಿ ಎಲ್ಲವನ್ನೂ ಮೊದಲಿಂದ ನುಡಿಸಬೇಕು. ಕೂಡಿಟ್ಟ ದುಡ್ಡು ಖಾಲಿ. ಗಾಯಕ ಹೊರಡುವಾಗ ಜಗಳ ಆಡಲಿಲ್ಲ. "ಅಣ್ಣಾ, ಇದರಲ್ಲಿ ನಾನು ಎಲ್ಲೂ ಕೇಳಿಸ್ತಿಲ್ಲ" ಅಂದ.

ಇನ್ನೊಂದು ವಿಷಯ. ತಂತಿ ಇಳಿಸೋದು ಹೊಸದೇ ಅಲ್ಲ. ಆ ಕಾಲದ ಬ್ಯಾಂಡ್ ಬ್ಲಾಕ್ ಸಬ್ಬತ್‌ನ ಗಿಟಾರಿಸ್ಟ್ ಟೋನಿ ಐಯೋಮಿ ಹುಡುಗನಾಗಿದ್ದಾಗ ಕಾರ್ಖಾನೆಯಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡಿದ್ದರು. ತಂತಿ ಸಡಿಲ ಇದ್ದರೆ ಅವರಿಗೆ ನುಡಿಸೋದು ಸುಲಭ. 1971ರ ಆಲ್ಬಮ್‌ನ ಕೆಲವು ಹಾಡುಗಳಲ್ಲಿ ಮೂರು ಸೆಮಿಟೋನ್ ಇಳಿಸಿದರು. ಆದರೆ ಅವರ ಗಾಯಕ ಓಝಿ ಆಸ್ಬರ್ನ್ ದನಿ ಇಳಿಯಲಿಲ್ಲ, ರಿಫ್‌ಗಿಂತ ಎಷ್ಟೋ ಮೇಲೇ ಹಾಡಿದರು. ನಾನು ಈ ಹಾಡುಗಳನ್ನು ಹದಿನೈದನೇ ವಯಸ್ಸಿನಿಂದ ಕೇಳಿದ್ದೇನೆ. ಕೇಳಿಯೂ ಕಲಿಯಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಹಳೆಯದಕ್ಕೆ ಅರ್ಧ, ಹೊಸದಕ್ಕೆ ಅರ್ಧ ಅಂತ ಅಳೆಯಬೇಡಿ. 2009ರಲ್ಲಿ ದೆಮ್ ಕ್ರೂಕೆಡ್ ವಲ್ಚರ್ಸ್ ಬ್ಯಾಂಡಿನ ಆಲ್ಬಮ್ ಬಂದಾಗ, ಎಪ್ಪತ್ತರ ದಶಕದ ಬ್ಯಾಂಡ್ ಲೆಡ್ ಝೆಪ್ಪೆಲಿನ್‌ನ ಜಾನ್ ಪಾಲ್ ಜೋನ್ಸ್‌ಗೆ 63 ವರ್ಷ, ಜೊತೆಗಿದ್ದವರು ಅವರಿಗಿಂತ ತುಂಬಾ ಕಿರಿಯರು. ಕೇಳಿ ನೋಡಿ, ಅವರ ಬೇಸ್ ಎಲ್ಲೂ ವಯಸ್ಸು ಮುಚ್ಚಿಡುವುದಿಲ್ಲ, ಅಲ್ವಾ?

ಹಳೆಯ ಬ್ಯಾಂಡಿಗೆ ಈ ಪ್ರಾಜೆಕ್ಟ್ ವಿಷಯ ಈಗಲೇ ಹೇಳಿಬಿಡಿ, ಅದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ. ಟ್ಯೂನಿಂಗ್ ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಮೊದಲು ಗಾಯಕನನ್ನು ಕೂರಿಸಿಕೊಂಡು, ಬರೀ ಅಕೌಸ್ಟಿಕ್ ಗಿಟಾರ್ ಹಿಡಿದು, ಕೋರಸ್ ಅನ್ನು ನಾಲ್ಕೈದು ಕೀಗಳಲ್ಲಿ ಹಾಡಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಮರುದಿನ ಕೇಳಿ.