ಕಾಡು ಬಸಳೆಯ ರಾತ್ರಿ ಉಸಿರು

ಪ್ರಶ್ನೆ: ಉಡುಪಿಯ ನಮ್ಮ ಜಗಲಿಯಲ್ಲಿ ಒಂದು ಚಟ್ಟಿ ಗಿಡ ಇದೆ. ದಪ್ಪ ಎಲೆ. ಉದುರಿದ ಎಲೆಯ ಅಂಚಿನಲ್ಲೇ ಪುಟ್ಟ ಸಸಿಗಳು, ಬೇರು ಸಮೇತ! ಯಾವುದಿದು?

ಉತ್ತರ: ಕಾಡು ಬಸಳೆ, ಅಂದ್ರೆ ಕಲಾಂಚೊ ಪಿನ್ನಾಟಾ. ಹೆಸರು ನೋಡಿ ಗಸಿಗೆ ಹಾಕಬೇಡಿ, ಊಟದ ಬಸಳೆಯೇ ಬೇರೆ. ಮಜಾ ಇರುವುದು ಇದರ ಉಸಿರಾಟದಲ್ಲಿ. ಹೆಚ್ಚಿನ ಗಿಡಗಳು ಎಲೆಯ ಸಣ್ಣ ತೂತುಗಳನ್ನು ಹಗಲು ತೆರೆದರೆ, ಇದು ಬಿಸಿಲಿಗೆ ನೀರು ಆರಿಹೋಗದಂತೆ ರಾತ್ರಿ ತೆರೆದು, ಒಳಬಂದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲ ಮಾಡಿ ಕೂಡಿಡುತ್ತದೆ, ಬೆಳಗಾದ ಮೇಲೆ ತೂತು ಮುಚ್ಚಿಕೊಂಡು ಅದರಿಂದಲೇ ಸಕ್ಕರೆ ತಯಾರಿಸುತ್ತದೆ. ಹಾಗಾಗಿ ಎಲೆ ಬೆಳಿಗ್ಗೆ ಹುಳಿ, ಸಂಜೆಗೆ ಸಪ್ಪೆ. ಭಾರತದಲ್ಲಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೇಯ್ನ್ ಇದನ್ನು ರುಚಿ ನೋಡಿಯೇ ಕಂಡುಕೊಂಡು 1815ರಲ್ಲಿ ಪ್ರಕಟಿಸಿದರು. ನೀವು ಸುಮ್ನೆ ಜಗಿಯಲು ಹೋಗಬೇಡಿ, ದನ ಜಾಸ್ತಿ ತಿಂದರೆ ವಿಷವಾಗುತ್ತದೆ. ಮಳೆಗಾಲದಲ್ಲಿ ಚಟ್ಟಿಯನ್ನು ಮಾಡಿನ ಅಡಿಗೆ ಸರಿಸಿ, ಇಲ್ಲಾಂದ್ರೆ ಬೇರು ಕೊಳೆಯುತ್ತದೆ.